ಪೊಲೀಸ್ ಕೆಲಸಕ್ಕೆ ಪೂರ್ವಾಪರ ಪರಿಶೀಲನೆ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಲಿಖಿತ ಪರೀಕ್ಷೆ ಮುಗಿದಿದೆ. ಓಟ, ಜಂಪ್, ಗುಂಡು ಎಸೆತ ಎಲ್ಲಾ ಆಗಿದೆ. ಆಯ್ಕೆ ಪಟ್ಟಿಯಲ್ಲಿ ಹೆಸರೂ ಇದೆ. ಆರ್ಡರ್ ಮಾತ್ರ ಬಂದಿಲ್ಲ. ವಿಚಾರಿಸಿದರೆ "ವೆರಿಫಿಕೇಶನ್ ಬಾಕಿ ಇದೆ" ಅನ್ನುತ್ತಾರೆ.

ಈ ವೆರಿಫಿಕೇಶನ್ ಫೈಲ್‌ಗಳನ್ನು ರೈನ್‌ಕೋಟಿನ ಒಳಗೆ ಸಿಕ್ಕಿಸಿಕೊಂಡು ಕೊಡಗಿನ ತೋಟದ ದಾರಿಗಳಲ್ಲಿ ಓಡಾಡಿದವನು ನಾನು. ಈಗ ನಿವೃತ್ತ. ಆದರೂ ಸಂತೆಯಲ್ಲಿ ಸಿಕ್ಕವರು, ಮದುವೆ ಊಟಕ್ಕೆ ಪಕ್ಕದಲ್ಲಿ ಕುಳಿತವರು ಇದನ್ನೇ ಕೇಳುತ್ತಾರೆ. ಕೆಳಗಿನ ಪ್ರಶ್ನೆಗಳು ಹಾಗೆ ಬಂದವು. ಜಾಸ್ತಿ ಅಭ್ಯರ್ಥಿಗಳದ್ದು, ಕೆಲವು ಅವರ ಅಪ್ಪ ಅಮ್ಮಂದಿರದ್ದು. ಹೊಸದಾಗಿ ಬೀಟ್‌ಗೆ ಹೋಗುವ ಕಾನ್‌ಸ್ಟೇಬಲ್‌ಗಳು ಕೇಳಿದ್ದೂ ಇದೆ.

ಪಾಸ್‌ಪೋರ್ಟ್‌ಗೆ ಮನೆಗೆ ಬರುತ್ತಾರಲ್ಲ, ಇದೂ ಅದೇನಾ?

ಅಲ್ಲ. ಪಾಸ್‌ಪೋರ್ಟ್ ವಿಷಯದಲ್ಲಿ ನೀವು ಯಾರು, ಎಲ್ಲಿದ್ದೀರಿ, ದೇಶ ಬಿಟ್ಟು ಹೋಗದಂತೆ ತಡೆಯುವ ಕೇಸ್ ಏನಾದರೂ ಇದೆಯಾ ಎಂದು ನೋಡಿದರೆ ಹೆಚ್ಚುಕಡಿಮೆ ಮುಗಿಯಿತು. ಸರ್ಕಾರಿ ಕೆಲಸದ್ದು ಬೇರೆ ಲೆಕ್ಕ. 1977ರ ಕರ್ನಾಟಕ ಸಿವಿಲ್ ಸೇವೆಗಳ ಸಾಮಾನ್ಯ ನೇಮಕಾತಿ ನಿಯಮಗಳ ಪ್ರಕಾರ, ಅಭ್ಯರ್ಥಿಯ ನಡತೆ ಒಳ್ಳೆಯದು, ಈ ಕೆಲಸಕ್ಕೆ ತಕ್ಕವನು ಎಂದು ನೇಮಕ ಮಾಡುವ ಅಧಿಕಾರಿಗೆ ಮನವರಿಕೆ ಆಗಬೇಕು. ಅದಕ್ಕೇ ಓದಿದ ಸಂಸ್ಥೆಯ ನಡತೆ ಪತ್ರದ ಜೊತೆಗೆ, ನೆಂಟರಲ್ಲದ ಇಬ್ಬರು ಗೌರವಸ್ಥರ ಪತ್ರವನ್ನೂ ಕೇಳುವುದು.

ಪೊಲೀಸ್ ಕೆಲಸಕ್ಕೆ ಇದನ್ನು ಇನ್ನೂ ಬಿಗಿಯಾಗಿ ನೋಡುತ್ತಾರೆ. ನಾಳೆ ಇನ್ನೊಬ್ಬರ ಮನೆ ಬಾಗಿಲಿಗೆ ವೆರಿಫಿಕೇಶನ್‌ಗೆ ಹೋಗುವವರು ನೀವೇ ಅಲ್ವಾ?

ಫೈಲ್ ಯಾವ ದಾರಿಯಲ್ಲಿ ಓಡಾಡುತ್ತದೆ?

ಜಿಲ್ಲೆಯ ಕಾನ್‌ಸ್ಟೇಬಲ್ ಹುದ್ದೆಯಾದರೆ ಮಡಿಕೇರಿಯ ಎಸ್‌ಪಿ ಕಚೇರಿಯಿಂದ ನಿಮ್ಮ ಊರಿನ ಠಾಣೆಗೆ ಬರುತ್ತದೆ. ಬೇರೆ ಘಟಕಕ್ಕೆ, ಉದಾಹರಣೆಗೆ ಬೆಂಗಳೂರು ನಗರಕ್ಕೋ ಮೀಸಲು ಪೊಲೀಸ್ ಪಡೆಯಾದ ಕೆಎಸ್‌ಆರ್‌ಪಿಗೋ ಆಯ್ಕೆಯಾಗಿದ್ದರೆ, ಅಲ್ಲಿಂದ ಮಡಿಕೇರಿಗೆ ಪತ್ರ ಬರುತ್ತದೆ. ಮಡಿಕೇರಿಯಿಂದ ಠಾಣೆಗೆ, ಠಾಣೆಯಿಂದ ಬೀಟ್ ಸಿಬ್ಬಂದಿಗೆ. ವರದಿ ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ. ಮಧ್ಯೆ ಠಾಣೆಯ ರೈಟರ್, ಅಂದರೆ ದಾಖಲೆ ಬರೆದಿಡುವವರು, ಹಳೆಯ ರಿಜಿಸ್ಟರ್ ಮತ್ತು ಕಂಪ್ಯೂಟರ್ ಎರಡನ್ನೂ ನೋಡುತ್ತಾರೆ. ಜಿಲ್ಲಾ ವಿಶೇಷ ಶಾಖೆ, ಅಂದರೆ ನಮ್ಮ ಬಾಯಲ್ಲಿ ಎಸ್‌ಬಿ, ತನ್ನದೇ ರೀತಿಯಲ್ಲಿ ವಿಚಾರಿಸಬಹುದು.

ಒಂದು ಮಾತು ನೆನಪಿಡಿ. ಠಾಣೆಯವರು ವರದಿ ಕೊಡುತ್ತಾರೆ ಅಷ್ಟೇ. ಕೆಲಸ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದು ನೇಮಕ ಮಾಡುವ ಅಧಿಕಾರಿ. ಆದ್ದರಿಂದ ಬೀಟ್‌ನವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಅವರನ್ನು ಓಲೈಸಿಯೂ ಪ್ರಯೋಜನವಿಲ್ಲ.

ಅಟೆಸ್ಟೇಷನ್ ಫಾರ್ಮ್, ಅಂದರೆ ನಮ್ಮ ವಿವರ ಬರೆದು ಸಹಿ ಹಾಕುವ ಫಾರ್ಮ್, ತುಂಬುವಾಗ ಜನ ಎಲ್ಲಿ ಎಡವುತ್ತಾರೆ?

ವಿಳಾಸದಲ್ಲಿ ಒಮ್ಮೆ, 'ಇಲ್ಲ' ಎಂಬ ಪದದಲ್ಲಿ ಇನ್ನೊಮ್ಮೆ.

ಹಿಂದಿನ ವರ್ಷಗಳಲ್ಲಿ ಎಲ್ಲೆಲ್ಲಿ ವಾಸವಿದ್ದಿರಿ ಎಂದು ಫಾರ್ಮ್ ಕೇಳುತ್ತದೆ. ನಮ್ಮ ಹುಡುಗರು ಊರಿನ ವಿಳಾಸ ಒಂದನ್ನೇ ಬರೆದು ಸುಮ್ನಾಗುತ್ತಾರೆ. ಮೈಸೂರಿನಲ್ಲಿ ಪಿಜಿಯಲ್ಲಿದ್ದು ಕೋಚಿಂಗ್‌ಗೆ ಹೋಗಿದ್ದು, ಬೆಂಗಳೂರಿನಲ್ಲಿ ಒಂದೂವರೆ ವರ್ಷ ಡೆಲಿವರಿ ಕೆಲಸ ಮಾಡಿದ್ದು ಬಿಟ್ಟುಹೋಗುತ್ತದೆ. ಇದರಲ್ಲಿ ಮುಚ್ಚಿಡುವ ಉದ್ದೇಶ ಏನೂ ಇರುವುದಿಲ್ಲ, ನಿಜ. ಆದರೆ ವಿಚಾರಣೆಗೆ ಹೋದಾಗ ಪಕ್ಕದ ಮನೆಯ ಅಜ್ಜಿ "ಅವನಾ, ಬೆಂಗಳೂರಲ್ಲಿದ್ದನಲ್ಲ" ಎಂದರೆ ಮುಗಿಯಿತು. ಫೈಲ್ ಮತ್ತೆ ಬೆಂಗಳೂರಿಗೆ ಹೋಗಿ ಬರಬೇಕು. ಫಾರ್ಮ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ವಿಳಾಸಗಳನ್ನೆಲ್ಲ ತಿಂಗಳು, ವರ್ಷದ ಸಮೇತ ಬರೆದಿಟ್ಟುಕೊಳ್ಳಿ.

ಇನ್ನು 'ಇಲ್ಲ'ದ ವಿಷಯ. ನಿಮ್ಮನ್ನು ಬಂಧಿಸಿದ್ದಾರಾ, ಕೇಸ್ ಹಾಕಿದ್ದಾರಾ, ದಂಡ ಕಟ್ಟಿದ್ದೀರಾ, ಮುಚ್ಚಳಿಕೆ ಬರೆಸಿಕೊಂಡಿದ್ದಾರಾ, ಪರೀಕ್ಷೆಯಿಂದ ಡಿಬಾರ್ ಆಗಿದ್ದೀರಾ ಎಂದು ಸಾಲಾಗಿ ಕೇಳಿರುತ್ತಾರೆ. ಸೈಬರ್ ಸೆಂಟರ್‌ನ ಹುಡುಗ ಮೇಲಿಂದ ಕೆಳಗೆ 'ಇಲ್ಲ, ಇಲ್ಲ, ಇಲ್ಲ' ಎಂದು ತುಂಬಿಬಿಡುತ್ತಾನೆ. ನೀವು ಸಹಿ ಹಾಕುತ್ತೀರಿ. ಆಮೇಲೆ "ನಾನು ಬರೆದದ್ದಲ್ಲ ಸಾರ್" ಎಂದರೆ ಯಾರೂ ಕೇಳುವುದಿಲ್ಲ. ಒಂದೊಂದು ಪ್ರಶ್ನೆಯನ್ನೂ ನೀವೇ ಓದಿ ಉತ್ತರ ಬರೆಯಿರಿ. ತುಂಬಿದ ಫಾರ್ಮ್‌ನ ಜೆರಾಕ್ಸ್ ಇಟ್ಟುಕೊಳ್ಳಿ.

ನನ್ನ ಮೇಲೆ ಸಣ್ಣ ಕೇಸ್ ಇದೆ. ಬರೆಯಲೇಬೇಕಾ?

ಬರೆಯಲೇಬೇಕು. ಅತಿ ಹೆಚ್ಚು ಜನ ಕೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು ಕಂಡ ಇಬ್ಬರು ಹುಡುಗರ ಕತೆ ಕೇಳಿ. ಮೊದಲನೆಯವನ ಊರಿನಲ್ಲಿ ಆನೆ ತುಳಿದು ತೋಟದ ಕೆಲಸದವರೊಬ್ಬರು ತೀರಿಕೊಂಡಿದ್ದರು. ಊರವರು ರಸ್ತೆಯಲ್ಲಿ ಕೂತರು. ಕೇಸಾಯಿತು. ಐಪಿಸಿ 143, 341, ಸುಮಾರು ಇಪ್ಪತ್ತು ಜನರ ಹೆಸರು. ನಾನು ವೆರಿಫಿಕೇಶನ್‌ಗೆ ಹೋದಾಗ ಅವನ ಹೆಸರು ಆರೋಪಿಗಳ ಪಟ್ಟಿಯಲ್ಲಿ ಕೆಳಗಡೆ ಇತ್ತು. ಹೇಳಿದರೆ ಹುಡುಗನ ಮುಖ ಬಿಳಿಚಿಕೊಂಡಿತು. ಅವನಿಗೆ ಗೊತ್ತೇ ಇರಲಿಲ್ಲ, ಸಮನ್ಸ್ ಕೂಡ ಬಂದಿರಲಿಲ್ಲ. ಮರುದಿನವೇ ಎಫ್‌ಐಆರ್ ನಕಲು ತೆಗೆಸಿ, ವಿಷಯ ಈಗ ತಿಳಿಯಿತು ಎಂದು ಒಂದು ಪುಟದ ಪತ್ರ ಬರೆದು ಮಡಿಕೇರಿಗೆ ಕೊಟ್ಟ. ಅವನಿಗೆ ಕೆಲಸ ಸಿಕ್ಕಿತು.

ಎರಡನೆಯವನದು ಕೈಲ್‌ಪೊಳ್ದ್ ಹಬ್ಬದ ಆಟೋಟದ ದಿನ ಮೈದಾನದಲ್ಲಿ ಆದ ತಳ್ಳಾಟ. 323, 504. ಲೋಕ ಅದಾಲತ್‌ನಲ್ಲಿ ರಾಜಿಯೂ ಆಗಿತ್ತು. "ಮುಗಿದುಹೋದ ಕೇಸ್ ಅಲ್ವಾ" ಎಂದು ಫಾರ್ಮ್‌ನಲ್ಲಿ 'ಇಲ್ಲ' ಎಂದು ಬರೆದಿದ್ದ. ಬರೆದಿದ್ದರೆ ಆ ಕೇಸ್ ದೊಡ್ಡ ವಿಷಯವೇ ಆಗುತ್ತಿರಲಿಲ್ಲ. ಮುಚ್ಚಿಟ್ಟ ಎಂದು ನೋಟಿಸ್ ಬಂತು, ಕೆಲಸ ಹೋಯಿತು.

ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2016ರ ಜುಲೈ 21ರಂದು ಅವತಾರ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ವಿಷಯಕ್ಕೆ ದಾರಿದೀಪ ಇದ್ದಂತೆ. ಅದರಲ್ಲಿ ನಿಮಗೆ ಬೇಕಾದ್ದು ಇಷ್ಟು: ಕೊಡುವ ಮಾಹಿತಿ ನಿಜವಾಗಿರಬೇಕು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ಅಧಿಕಾರಿ ಅದನ್ನು ಮನ್ನಿಸಬಹುದು. ಫಾರ್ಮ್‌ನಲ್ಲಿ ಸ್ಪಷ್ಟವಾಗಿ ಕೇಳದೇ ಇದ್ದದ್ದನ್ನು ಹೇಳಲಿಲ್ಲ ಎಂದು ತಪ್ಪು ಹೊರಿಸುವಂತಿಲ್ಲ. ವಿಷಯ ಅಭ್ಯರ್ಥಿಗೆ ಗೊತ್ತಿತ್ತೇ ಎನ್ನುವುದನ್ನೂ ನೋಡಬೇಕು. ನಮ್ಮ ಮೊದಲನೆಯ ಹುಡುಗ ಉಳಿದದ್ದು ಈ ಕೊನೆಯ ಮಾತಿನಿಂದ. ಆದರೆ ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ: ಎಲ್ಲವನ್ನೂ ನಿಜವಾಗಿ ಬರೆದರೂ ನಿಮ್ಮ ಪೂರ್ವಾಪರ ತೂಗಿ ನೋಡುವ ಹಕ್ಕು ಇಲಾಖೆಗೆ ಇದ್ದೇ ಇದೆ. ಕೆಲಸ ಕೊಡಲೇಬೇಕೆಂದು ಬಲವಂತ ಮಾಡುವಂತಿಲ್ಲ.

2024ರ ಜುಲೈ 1ರ ನಂತರದ ಕೇಸ್‌ಗಳಲ್ಲಿ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆಯ ಕಲಂಗಳು ಇರುತ್ತವೆ. ನಂಬರ್ ನೋಡಿ ಗೊಂದಲ ಬೇಡ. ಎಫ್‌ಐಆರ್‌ನಲ್ಲಿ ಇದ್ದಂತೆಯೇ ಬರೆಯಿರಿ.

ಕೋರ್ಟ್‌ನಲ್ಲಿ ಖುಲಾಸೆ ಆಗಿದೆ. ಇನ್ನೇನು ತೊಂದರೆ?

ಖುಲಾಸೆಯಲ್ಲೂ ಎರಡು ಬಗೆ. ಆರೋಪವೇ ಸುಳ್ಳು ಎಂದು ಸಾಬೀತಾಗಿ ಬಿಡುಗಡೆಯಾದದ್ದು ಒಂದು. ಸಾಕ್ಷಿಗಳು ತಿರುಗಿಬಿದ್ದರು, ಫಿರ್ಯಾದಿ ರಾಜಿಯಾದರು ಎಂದು ಬಿಡುಗಡೆಯಾದದ್ದು ಇನ್ನೊಂದು. 2013ರಲ್ಲಿ ದೆಹಲಿ ಪೊಲೀಸ್ ಅಭ್ಯರ್ಥಿ ಮೆಹರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎರಡನೆಯ ಬಗೆಯ ಖುಲಾಸೆ ಸಿಕ್ಕಿದ ಮಾತ್ರಕ್ಕೆ ಶಿಸ್ತಿನ ಪಡೆಗೆ ಸೇರಿಸಿಕೊಳ್ಳಲೇಬೇಕಿಲ್ಲ ಎಂದಿತು. ಹಾಗಾಗಿ ಬರೀ 'ಖುಲಾಸೆ' ಎಂದು ಬರೆದು ಬಿಡಬೇಡಿ. ತೀರ್ಪಿನ ದೃಢೀಕೃತ ನಕಲು ಜೊತೆಗಿಡಿ. ಆರೋಪಕ್ಕೆ ಆಧಾರವಿಲ್ಲ ಎಂದು ಠಾಣೆಯಲ್ಲೇ ಬಿ ರಿಪೋರ್ಟ್ ಆಗಿ ಮುಗಿದಿದ್ದರೆ, ಕೋರ್ಟ್ ಅದನ್ನು ಒಪ್ಪಿದ ಆದೇಶದ ನಕಲು ತೆಗೆಸಿ.

ಫಾರೆಸ್ಟ್‌ನವರು ಹಾಕಿದ ಕೇಸ್ ಪೊಲೀಸ್ ಕಂಪ್ಯೂಟರ್‌ನಲ್ಲಿ ಕಾಣುವುದಿಲ್ಲವಂತೆ, ಹೌದಾ?

ಈ ಬುದ್ಧಿವಂತಿಕೆ ನಮ್ಮ ಜಿಲ್ಲೆಯಲ್ಲಿ ಸ್ವಲ್ಪ ಜಾಸ್ತಿ. ಅರಣ್ಯ ಇಲಾಖೆ, ಅಬಕಾರಿ ಇಲಾಖೆ ತಮ್ಮ ಕೇಸ್‌ಗಳನ್ನು ತಾವೇ ದಾಖಲಿಸಿ ನೇರ ಕೋರ್ಟ್‌ಗೆ ಹೋಗುತ್ತವೆ, ನಿಜ. ಹಾಗಾಗಿ ಠಾಣೆಯ ರಿಜಿಸ್ಟರ್‌ನಲ್ಲಿ ಅವು ಇಲ್ಲದಿರಬಹುದು. ಆದರೆ ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿ ಹುಡುಕಿದರೆ ಯಾರಿಗೆ ಬೇಕಾದರೂ ಸಿಗುತ್ತವೆ. ಫಾರ್ಮ್ ಕೇಳುವುದು ಕೇಸ್ ಇದೆಯಾ ಎಂದು, ಪೊಲೀಸ್ ಕೇಸ್ ಇದೆಯಾ ಎಂದಲ್ಲ. ಹಂದಿ ಹೊಡೆದ ಕೇಸ್ ಊರಿನಲ್ಲಿ ಹೆಮ್ಮೆಯ ವಿಷಯ ಇರಬಹುದು. ಆದರೆ 1972ರ ವನ್ಯಜೀವಿ ಕಾಯ್ದೆಯ ಕೇಸ್ ಅನ್ನು ಯಾವ ಎಸ್‌ಪಿಯೂ ಸಣ್ಣದು ಅನ್ನುವುದಿಲ್ಲ.

ಹದಿನೇಳನೇ ವಯಸ್ಸಿನಲ್ಲಿ ಒಂದು ಕೇಸ್ ಆಗಿತ್ತು. ಅದು ಈಗ ಅಡ್ಡ ಬರುತ್ತದಾ?

ಬರಬಾರದು. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ, ಹದಿನೆಂಟು ತುಂಬುವ ಮೊದಲಿನ ಪ್ರಕರಣದಿಂದ ಮುಂದೆ ಅನರ್ಹತೆ ಬರುವುದಿಲ್ಲ. ಹದಿನಾರು ದಾಟಿದವರು ಘೋರ ಅಪರಾಧ ಮಾಡಿ, ವಯಸ್ಕರಂತೆ ವಿಚಾರಣೆಯಾಗಿ ತಪ್ಪಿತಸ್ಥರಾದರೆ ಮಾತ್ರ ಬೇರೆ ಲೆಕ್ಕ. 2019ರಲ್ಲಿ ಸಿಐಎಸ್‌ಎಫ್ ಅಭ್ಯರ್ಥಿಯೊಬ್ಬರ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಜನ್ಮದಿನಾಂಕ ಮತ್ತು ಎಫ್‌ಐಆರ್ ದಿನಾಂಕ ಎರಡೂ ಕೈಯಲ್ಲಿರಲಿ.

ಅಪ್ಪನ ಮೇಲೆ ಇಸ್ಪೀಟ್ ಕೇಸ್ ಇದೆ.

ಕೆಲಸ ಕೇಳುತ್ತಿರುವುದು ನೀವು, ಅಪ್ಪ ಅಲ್ಲ. ಫಾರ್ಮ್ ಕೇಳುವುದು ನಿಮ್ಮ ವಿಷಯ. ಬೀಟ್‌ನವರು ಕೇಳಿದರೆ ಇದ್ದದ್ದು ಹೇಳಿ.

ಜಮೀನಿನ ಗಲಾಟೆಯಲ್ಲಿ ನನ್ನ ಮೇಲೂ 107 ಹಾಕಿದ್ದರು. ಅದು ಕೇಸಾ?

ಅಪರಾಧದ ಕೇಸ್ ಅಲ್ಲ. ಶಾಂತಿ ಕಾಪಾಡುತ್ತೇನೆ ಎಂದು ತಹಶೀಲ್ದಾರರ ಮುಂದೆ ಬರೆದುಕೊಡುವ ಮುಚ್ಚಳಿಕೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸೆಕ್ಷನ್ 107, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 126. ಆದರೆ ಮುಚ್ಚಳಿಕೆ ಬಗ್ಗೆ ಫಾರ್ಮ್‌ನಲ್ಲಿ ಕೇಳಿದ್ದರೆ 'ಹೌದು' ಎಂದೇ ಬರೆಯಬೇಕು. ಬೇಲಿ ಜಗಳಕ್ಕೆ ಮನೆಯವರನ್ನೆಲ್ಲ ಸೇರಿಸಿ ಹಾಕುವುದು ಅಧಿಕಾರಿಗಳಿಗೂ ಗೊತ್ತಿರುವ ವಿಷಯವೇ.

ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಏನು ಮಾಡುವುದು?

ಕೊಡಗಿನ ದೊಡ್ಡ ತಲೆನೋವು ಇದು. ಮನೆ ಹೆಸರು ಮೊದಲು ಬರುವ ಪದ್ಧತಿ ನಮ್ಮಲ್ಲಿದೆ. ಶಾಲೆಯ ಮೇಷ್ಟ್ರು ಅದನ್ನು ಒಂದಕ್ಷರ ಮಾಡಿ ಇನಿಶಿಯಲ್ ಹಾಕಿರುತ್ತಾರೆ. ಆಧಾರ್‌ನಲ್ಲಿ ಪೂರ್ತಿ ಮನೆ ಹೆಸರು ಇರುತ್ತದೆ. ಪಾನ್‌ನಲ್ಲಿ ಅದೇ ಹೆಸರು ಹಿಂದೆ ಮುಂದೆ ಆಗಿರುತ್ತದೆ. ಹೆಣ್ಣುಮಕ್ಕಳು ಮದುವೆಯಾದ ಮೇಲೆ ಗಂಡನ ಮನೆಯ ಹೆಸರು ಸೇರಿಸಿದರೆ ಮೂರನೆಯದೊಂದು ರೂಪ. ಅದರ ಮೇಲೆ ಒಂದೇ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ಒಂದೇ ಹೆಸರಿನ ಇಬ್ಬರು ಇರುವುದೂ ಉಂಟು. ಪೊಲೀಸ್ ಕಂಪ್ಯೂಟರ್ ದಾಖಲೆಯಾದ ಸಿಸಿಟಿಎನ್‌ಎಸ್‌ನಲ್ಲಿ ಹುಡುಕಿದಾಗ ದೊಡ್ಡಪ್ಪನ ಮಗನ ಕುಡಿದು ಓಡಿಸಿದ ಕೇಸ್ ನಿಮ್ಮ ಹೆಸರಿಗೆ ಬಂದು ಕೂರಬಹುದು.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಳ್ಳಿ. ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿ, ಅರ್ಜಿ ಹಾಕುವ ಮೊದಲೇ. ಹೊಂದಿಸಲು ಸಮಯ ಇಲ್ಲದಿದ್ದರೆ ಎರಡೂ ಹೆಸರು ಒಬ್ಬರದ್ದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ. ಬೇರೊಬ್ಬರ ಕೇಸ್ ನಿಮಗೆ ತಗುಲಿಕೊಂಡರೆ ಜಗಳ ಬೇಡ. ತಂದೆಯ ಹೆಸರು, ಜನ್ಮದಿನಾಂಕ, ಫೋಟೊ ತಾಳೆ ನೋಡಲು ಲಿಖಿತವಾಗಿ ಕೇಳಿ.

ನಾವು ತೋಟದ ಲೈನ್ ಮನೆಯಲ್ಲಿ ಇರುವವರು. ನಮ್ಮ ಹೆಸರಿನಲ್ಲಿ ಮನೆಯೇ ಇಲ್ಲ. ವಿಳಾಸ ಹೇಗೆ ತೋರಿಸುವುದು?

ಸಿದ್ದಾಪುರದ ಕಡೆ ಒಂದು ತೋಟಕ್ಕೆ ಹೋಗಿದ್ದೆ. ಜನವರಿ, ಕಾಫಿ ಕುಯ್ಲಿನ ಸಮಯ. ಹುಡುಗಿ ಕಾನ್‌ಸ್ಟೇಬಲ್ ಆಯ್ಕೆಯಾಗಿದ್ದಳು. ಆಧಾರ್‌ನಲ್ಲಿ ಹಿಂದಿನ ತೋಟದ ವಿಳಾಸ, ರೇಷನ್ ಕಾರ್ಡ್‌ನಲ್ಲಿ ಅದಕ್ಕೂ ಹಿಂದಿನದು. ಅಮ್ಮ ಕುಯ್ಲಿನಿಂದ ಚೀಲದ ಸಮೇತ ಓಡಿಬಂದು, ಕೈಗಂಟಿದ ಅಂಟನ್ನು ಸೀರೆಗೆ ಒರೆಸಿಕೊಳ್ಳುತ್ತಾ ನಿಂತರು. "ಸ್ವಾಮಿ, ಮನೆ ತೋಟದವರದ್ದು, ನಮ್ದು ಅಂತ ಕಾಗದ ಎಲ್ಲಿಂದ ತರೋದು?"

ಅವರು ಹೇಳಿದ್ದು ಸರಿ. 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮನೆ ಕೊಡುವುದು ಮಾಲೀಕರ ಹೊಣೆ. ಕೆಲಸಗಾರರ ಹೆಸರಿನಲ್ಲಿ ಅದು ಇರುವುದೇ ಇಲ್ಲ. ನಾನು ತೋಟದ ರೈಟರ್ ಹತ್ತಿರ ಹೋದೆ. ನಮ್ಮ ಕಡೆ ಠಾಣೆಯಲ್ಲೂ ರೈಟರ್, ತೋಟದಲ್ಲೂ ರೈಟರ್. ಇಬ್ಬರೂ ರಿಜಿಸ್ಟರ್ ಕೇಳಿದರೆ ಮುಖ ಸಿಂಡರಿಸುವವರೇ. ಆದರೂ ಕೆಲಸಗಾರರ ಹಾಜರಿ ಪುಸ್ತಕವಾದ ಚೆಕ್‌ರೋಲ್ ತೆಗೆದು ತೋರಿಸಿದರು. ಆರು ವರ್ಷದಿಂದ ಅಮ್ಮನ ಹೆಸರು ಇತ್ತು. ಪಿಎಫ್ ಚೀಟಿ ಇತ್ತು. ಹತ್ತಿರದ ಸರ್ಕಾರಿ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹುಡುಗಿಯ ತಮ್ಮನ ವಿಳಾಸ ಇದೇ ತೋಟದ್ದಾಗಿತ್ತು. ಇಷ್ಟನ್ನೂ ವರದಿಯಲ್ಲಿ ಬರೆದೆ.

ಹಾಗಾಗಿ ನೀವೂ ಚೆಕ್‌ರೋಲ್, ಪಿಎಫ್, ಶಾಲೆಯ ದಾಖಲೆ, ಮತದಾರರ ಪಟ್ಟಿ, ತೋಟದ ಮ್ಯಾನೇಜರ್ ಕೊಡುವ ಪತ್ರ ಸೇರಿಸಿಟ್ಟುಕೊಳ್ಳಿ. ಹಿಂದಿನ ತೋಟಗಳ ಹೆಸರನ್ನೂ ಕ್ರಮವಾಗಿ ಬರೆಯಿರಿ. ತೋಟ ಬದಲಾಯಿಸಿದ್ದು ತಪ್ಪಲ್ಲ. 'ಖಾಯಂ ವಿಳಾಸವಿಲ್ಲ' ಎಂದು ಒಂದು ಸಾಲು ಗೀಚಿ ಕಳಿಸುವ ಬೀಟ್‌ನವರನ್ನು ನಾನು ಕಂಡಿದ್ದೇನೆ. ಅದು ಸೋಮಾರಿತನ. ಹಾಗೆ ಬರೆದಿದ್ದಾರೆ ಎಂದು ಗೊತ್ತಾದರೆ ದಾಖಲೆ ಹಿಡಿದು ಸಬ್ ಇನ್‌ಸ್ಪೆಕ್ಟರ್ ಹತ್ತಿರ ಹೋಗಿ, ಮರುಪರಿಶೀಲನೆ ಕೇಳಿ.

2018ರ ಭೂಕುಸಿತದಲ್ಲಿ ಮನೆ, ಕಾಗದ ಎಲ್ಲಾ ಹೋಯಿತು. ಈಗ ಇರುವುದು ಬೇರೆ ಕಡೆ.

ಆ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡು ಕರ್ಣಂಗೇರಿ, ಮದೆನಾಡು, ಜಂಬೂರು ಕಡೆಯ ಹೊಸ ಮನೆಗಳಿಗೆ ಬಂದವರ ಮಕ್ಕಳು ಈಗ ಕೆಲಸಕ್ಕೆ ಅರ್ಜಿ ಹಾಕುವ ವಯಸ್ಸಿಗೆ ಬಂದಿದ್ದಾರೆ. ಹಳೆಯ ವಿಳಾಸವನ್ನೂ ಬರೆಯಿರಿ, ಹೊಸದನ್ನೂ ಬರೆಯಿರಿ. ಮನೆ ಹಂಚಿಕೆಯ ಪತ್ರದ ನಕಲು ಇಡಿ. ಹಳೆಯ ಜಾಗದಲ್ಲಿ ಈಗ ಕೇಳಲು ಯಾರೂ ಇಲ್ಲ ಎಂಬುದು ಠಾಣೆಗೂ ಗೊತ್ತು. ಹಳೆಯ ನೆರೆಯವರು ಈಗ ಎಲ್ಲಿದ್ದಾರೆ, ಅವರ ಫೋನ್ ನಂಬರ್ ಏನು ಎಂದು ನೀವೇ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಅಂಕಪಟ್ಟಿಯ ನಕಲು ಪ್ರತಿ, ಅಂದರೆ ಡೂಪ್ಲಿಕೇಟ್, ಶಾಲೆಯ ಮೂಲಕ ಪರೀಕ್ಷಾ ಮಂಡಳಿಯಿಂದ ಸಿಗುತ್ತದೆ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ಗೊತ್ತಿದ್ದರೆ ನಾಡಕಚೇರಿಯಲ್ಲಿ ತೆಗೆಸಬಹುದು.

ಜಾತಿ ಪ್ರಮಾಣಪತ್ರವನ್ನು ಮತ್ತೆ ಯಾಕೆ ಪರಿಶೀಲಿಸುತ್ತಾರೆ? ತಹಶೀಲ್ದಾರರೇ ಕೊಟ್ಟದ್ದಲ್ವಾ?

ಮೀಸಲಾತಿಯಲ್ಲಿ ಆಯ್ಕೆಯಾದವರಿಗೆ ಸಿಂಧುತ್ವ ಪ್ರಮಾಣಪತ್ರ, ಅಂದರೆ ಜಾತಿ ಪ್ರಮಾಣಪತ್ರ ಸರಿಯಿದೆ ಎಂಬ ಖಾತ್ರಿ ಪತ್ರ, ಬೇಕು. ಅದು ಪೊಲೀಸ್ ವೆರಿಫಿಕೇಶನ್‌ಗಿಂತ ಬೇರೆ ಕೆಲಸ, ಬೇರೆ ಸಮಿತಿ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನೂ ಶಾಲೆಯ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ಒಂದರಿಂದ ಹತ್ತರವರೆಗೆ ಓದಿದ ಶಾಲೆಗಳಲ್ಲಿ ಒಂದು ವರ್ಷ ಪಟ್ಟಣದ ಶಾಲೆ ನುಸುಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯ ಅಕ್ರಮ ನೆನಪಿದೆಯಲ್ಲ? ಸಿಐಡಿ ತನಿಖೆಯಾಗಿ, ಪರೀಕ್ಷೆಯೇ ರದ್ದಾಗಿ, 2024ರ ಜನವರಿಯಲ್ಲಿ ಮರುಪರೀಕ್ಷೆ ಆಯಿತು. ತಪ್ಪು ಮಾಡದ ಹುಡುಗರೂ ಅಷ್ಟು ವರ್ಷ ಕಾದರು. ಕಾಗದಗಳನ್ನು ಇಷ್ಟು ಕೆದಕಿ ನೋಡುತ್ತಾರಲ್ಲ ಎಂದು ಬೇಜಾರಾದಾಗ ಅದನ್ನು ನೆನೆಯಿರಿ.

ಮನೆಯಲ್ಲಿ ಕೋವಿ ಇದೆ. ತೊಂದರೆಯಾ?

ಕೊಡಗಿನಲ್ಲಿ ಕೋವಿ ಇರುವುದೇ ತೊಂದರೆ ಎಂದರೆ ಇಲ್ಲಿಂದ ಯಾರೂ ಪೊಲೀಸ್ ಆಗುತ್ತಿರಲಿಲ್ಲ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಎಂಬ ಪಾರಂಪರಿಕ ಭೂಮಿಯ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ವಿನಾಯಿತಿ ಪತ್ರ ಅಥವಾ ಲೈಸೆನ್ಸ್ ಸರಿಯಾಗಿದ್ದರೆ ಚಿಂತೆ ಬೇಡ. ಆದರೆ ಈ ವಿನಾಯಿತಿ ಜಿಲ್ಲೆಯ ಎಲ್ಲರಿಗೂ ಅಲ್ಲ. ಅಟ್ಟದ ಮೇಲೆ ಅಜ್ಜನ ಕಾಲದ ಕಾಗದವಿಲ್ಲದ ನಾಡಕೋವಿ ಇದ್ದರೆ ಅದು ನಿಮಗೂ ಕುತ್ತು, ಮನೆಯವರಿಗೂ ಕುತ್ತು. ಫಾರ್ಮ್ ತುಂಬುವ ಮೊದಲೇ ಒಬ್ಬ ವಕೀಲರನ್ನು ಕೇಳಿ ಸರಿಮಾಡಿಕೊಳ್ಳಿ.

ಕೇರಳದಲ್ಲಿ ಓದಿದ್ದೇನೆ. ಅಲ್ಲಿಗೂ ಹೋಗಿ ಕೇಳುತ್ತಾರಾ?

ಕುಟ್ಟದವರಿಗೆ ವಯನಾಡು, ಮಾಕುಟ್ಟದವರಿಗೆ ಕಣ್ಣೂರು, ಕರಿಕೆಯವರಿಗೆ ಕಾಸರಗೋಡು ಮಡಿಕೇರಿಯಷ್ಟೇ ಬಳಕೆ. ಇಲ್ಲಿಂದ ಯಾರೂ ಹೋಗುವುದಿಲ್ಲ, ಎಸ್‌ಪಿಯಿಂದ ಎಸ್‌ಪಿಗೆ ಪತ್ರ ಹೋಗುತ್ತದೆ. ಜಾಸ್ತಿ ಹೊತ್ತು ಹಿಡಿಯುವುದು ಇಲ್ಲೇ. ಹಾಸ್ಟೆಲ್ ಹೆಸರು, ಹತ್ತಿರದ ಠಾಣೆಯ ಹೆಸರು ಸರಿಯಾಗಿ ಬರೆದಿದ್ದರೆ ಪತ್ರ ಅಲೆಯುವುದು ತಪ್ಪುತ್ತದೆ.

ಪಕ್ಕದ ಮನೆಯವರಿಗೂ ನಮಗೂ ಆಗುವುದಿಲ್ಲ. ಅವರು ಕೆಟ್ಟದ್ದು ಹೇಳಿದರೆ?

ಹೇಳುತ್ತಾರೆ. ಹೇಳಲಿ. ವಿಚಾರಿಸುವವರಿಗೂ ಊರಿನ ಜಗಳಗಳು ಗೊತ್ತಿರುತ್ತವೆ. ಒಬ್ಬರ ಮಾತಿನ ಮೇಲೆ ವರದಿ ಬರೆಯುವುದಿಲ್ಲ, ಬರೆಯಲೂ ಬಾರದು. ನೀವು ಮೊದಲೇ ಹೋಗಿ ಅವರ ಕೈಕಾಲು ಹಿಡಿಯುವುದಾಗಲಿ, ಗದರಿಸುವುದಾಗಲಿ ಮಾಡಬೇಡಿ. ಗದರಿಸಿದ್ದು ವರದಿಯಲ್ಲಿ ಬಂದರೆ ಅದೇ ದೊಡ್ಡದಾಗುತ್ತದೆ.

ನಾನು ಹೊಸ ಬೀಟ್ ಕಾನ್‌ಸ್ಟೇಬಲ್. ವೆರಿಫಿಕೇಶನ್ ಚೆನ್ನಾಗಿ ಮಾಡುವುದು ಹೇಗೆ?

ಕೇಳಿದ್ದಕ್ಕೆ ಖುಷಿಯಾಯಿತು. ಮೊದಲು ಠಾಣೆಯಲ್ಲೇ ರಿಜಿಸ್ಟರ್ ನೋಡಿ, ಆಮೇಲೆ ಮನೆಗೆ ಹೋಗಿ. ತಿರುಗುಮುರುಗು ಮಾಡಿದರೆ ಎರಡು ಸಲ ಗುಡ್ಡ ಹತ್ತಬೇಕು.

ಪಂಚಾಯಿತಿ ಮೆಂಬರ್ ಮನೆಯಲ್ಲಿ ಕುಳಿತು ಐದು ಫೈಲ್ ಮುಗಿಸುವ ಅಭ್ಯಾಸ ಬೇಡ. ಮೆಂಬರ್‌ಗೆ ವೋಟ್ ಹಾಕಿದ ಮನೆಯ ಹುಡುಗ ಒಳ್ಳೆಯವನು, ಹಾಕದವನು ಸುಮಾರು ಎಂದೇ ಬರುತ್ತದೆ. ಪೋಸ್ಟ್‌ಮ್ಯಾನ್ ಅನ್ನು ಕೇಳಿ, ನ್ಯಾಯಬೆಲೆ ಅಂಗಡಿಯವರನ್ನು ಕೇಳಿ, ಓದಿದ ಶಾಲೆಯ ಮೇಷ್ಟ್ರನ್ನು ಕೇಳಿ. ಕೇಳುವ ರೀತಿಯೂ ಮುಖ್ಯ. ಅಂಗಡಿ ಮುಂದೆ ಬೈಕ್ ನಿಲ್ಲಿಸಿ "ಅವನ ಮೇಲೇನಾದ್ರೂ ಕೇಸ್ ಇದೆಯಾ?" ಎಂದು ಕೂಗಿದರೆ ಸಂಜೆಯೊಳಗೆ ಊರಿಗೆಲ್ಲ ಅವನು ಕಳ್ಳ. "ಇಂಥವರ ಮನೆಯ ಹುಡುಗನಿಗೆ ಕೆಲಸ ಆಗಿದೆ, ಅದಕ್ಕೆ ಬಂದೆ" ಎಂದು ಶುರು ಮಾಡಿ. ಜನ ತಾವಾಗಿಯೇ ಮಾತಾಡುತ್ತಾರೆ.

ಹುಡುಗಿಯರ ಮನೆಗೆ ಹೋಗುವಾಗ ಮಹಿಳಾ ಸಿಬ್ಬಂದಿ ಜೊತೆಗಿರಲಿ. ಮದುವೆ ಯಾವಾಗ, ಮಕ್ಕಳು ಯಾವಾಗ ಎಂದು ಕೇಳುವುದು ನಿಮ್ಮ ಕೆಲಸವಲ್ಲ. ಯಾವ ಪಕ್ಷ ಎಂದು ಕೇಳುವುದೂ ಅಲ್ಲ.

ವರದಿಯಲ್ಲಿ ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಯಾರು ಹೇಳಿದರು ಎಂಬುದರ ಸಮೇತ ಬರೆಯಿರಿ. 'ಸದರಿ ಅಭ್ಯರ್ಥಿಯು ಒಳ್ಳೆಯ ನಡತೆಯವರಾಗಿರುತ್ತಾರೆ' ಎಂಬ ಒಂದೇ ಸಾಲನ್ನು ಹತ್ತು ಫೈಲ್‌ಗೆ ಅಂಟಿಸಿದ್ದನ್ನು ನಾನೂ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಆ ಹತ್ತರಲ್ಲಿ ಒಬ್ಬ ಆ ಹೊತ್ತಿಗೆ ಬೇರೆ ಜಿಲ್ಲೆಯ ಜೈಲಿನಲ್ಲಿದ್ದ. ಆಮೇಲೆ ನನಗೆ ಬಂದ ಮೆಮೊ ಈಗಲೂ ಟ್ರಂಕಿನಲ್ಲಿದೆ.

ಫೇಸ್‌ಬುಕ್, ವಾಟ್ಸಾಪ್ ಕೂಡ ನೋಡುತ್ತಾರಾ?

ಎಲ್ಲರಿಗೂ ಕಾಣುವಂತೆ ಹಾಕಿದ್ದನ್ನು ಯಾರು ಬೇಕಾದರೂ ನೋಡಬಹುದು. ಫೋನ್ ಕೊಡಿ, ಪಾಸ್‌ವರ್ಡ್ ಹೇಳಿ ಎಂದು ವೆರಿಫಿಕೇಶನ್‌ಗೆ ಬಂದವರು ಕೇಳುವುದು ಸರಿಯಲ್ಲ. ಗೆಳೆಯನ ಕೋವಿ ಹಿಡಿದು ರೀಲ್ ಮಾಡಿದ್ದರೆ ಅಳಿಸಿ. ಇನ್ನೇನು ಹೇಳಲಿ.

ಬಂದವರಿಗೆ ಏನಾದರೂ ಕೊಡಬೇಕಾ?

ವೆರಿಫಿಕೇಶನ್‌ಗೆ ಒಂದು ಪೈಸೆಯೂ ಇಲ್ಲ. ಪೆಟ್ರೋಲ್‌ಗೆ, ಜೆರಾಕ್ಸ್‌ಗೆ ಎಂದೂ ಇಲ್ಲ. ಯಾರಾದರೂ ಕೇಳಿದರೆ ಎಸ್‌ಪಿ ಕಚೇರಿಗೆ ಅಥವಾ ಲೋಕಾಯುಕ್ತಕ್ಕೆ ದೂರು ಕೊಡಿ. ಪೊಲೀಸ್ ಆಗುವ ಮೊದಲೇ ಲಂಚ ಕೊಟ್ಟು ಶುರು ಮಾಡುವುದು ಯಾವ ನ್ಯಾಯ? ಕಾಫಿ ಬೇರೆ ವಿಷಯ. ಕೊಡಗಿನಲ್ಲಿ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸಿದರೆ ಅಮ್ಮ ನಿಮ್ಮನ್ನು ಬಿಡುತ್ತಾರಾ?

ವರದಿ ನನ್ನ ವಿರುದ್ಧ ಹೋಯಿತು. ಮುಂದೇನು?

ಸಾಮಾನ್ಯವಾಗಿ ಮೊದಲು ನೋಟಿಸ್ ಬರುತ್ತದೆ. ಅದಕ್ಕೆ ಕೊಟ್ಟ ದಿನದೊಳಗೆ, ದಾಖಲೆ ಸಮೇತ, ಸಮಾಧಾನವಾಗಿ ಉತ್ತರ ಕೊಡಿ. ಎಂಎಲ್‌ಎ ಪತ್ರ ಇದರಲ್ಲಿ ಕೆಲಸಕ್ಕೆ ಬರುವುದಿಲ್ಲ, ತೀರ್ಪಿನ ನಕಲು ಕೆಲಸಕ್ಕೆ ಬರುತ್ತದೆ. ವರದಿಯಲ್ಲಿ ಏನಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು.

ಆಯ್ಕೆ ರದ್ದಾದ ಆದೇಶ ಬಂದರೆ ಹೋಗಬೇಕಾದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆಎಟಿಗೆ. ಒಂದು ವರ್ಷದೊಳಗೆ ಹೋಗಬೇಕು. ಹೈಕೋರ್ಟ್ ಆಮೇಲೆ. 2024ರ ಫೆಬ್ರುವರಿಯಲ್ಲಿ ಉತ್ತರ ಪ್ರದೇಶದ ಕಾನ್‌ಸ್ಟೇಬಲ್ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖುಲಾಸೆಯಾದ ಕೇಸ್ ಬರೆಯಲಿಲ್ಲ ಎಂದು ಯಾಂತ್ರಿಕವಾಗಿ ಕೆಲಸ ಕಿತ್ತುಕೊಳ್ಳುವಂತಿಲ್ಲ ಎಂದಿತು. ಓದಿದವರು ಖುಷಿಯಿಂದ ನನಗೆ ಕಳಿಸಿದ್ದರು. ಆದರೆ ಅವರು ಅರ್ಜಿ ಹಾಕಿದ್ದು 2004ರಲ್ಲಿ. ಇಪ್ಪತ್ತು ವರ್ಷ ಕೋರ್ಟ್ ಅಲೆಯುವುದಕ್ಕಿಂತ ಫಾರ್ಮ್‌ನಲ್ಲಿ ಒಂದು ಸಾಲು ಜಾಸ್ತಿ ಬರೆಯುವುದು ಸುಲಭ.

ಟ್ರೈನಿಂಗ್‌ನಲ್ಲಿದ್ದಾಗ ವಿಷಯ ಹೊರಬಂದರೆ?

ಪ್ರೊಬೇಷನ್ ಮುಗಿಯುವ ಮೊದಲು ಗೊತ್ತಾದರೆ ತೆಗೆಯುವುದು ಸುಲಭ. ಕಾಯಂ ಆದ ಮೇಲೆ ಇಲಾಖಾ ವಿಚಾರಣೆ ಮಾಡಿಯೇ ತೆಗೆಯಬೇಕು. ಇದನ್ನೂ ಅವತಾರ್ ಸಿಂಗ್ ತೀರ್ಪಿನಲ್ಲಿ ಹೇಳಿದ್ದಾರೆ.

ಎಷ್ಟು ದಿನ ಹಿಡಿಯುತ್ತದೆ? ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ?

ಎಲ್ಲಾ ವಿಳಾಸ ಒಂದೇ ಠಾಣೆಯಲ್ಲಿದ್ದರೆ ಬೇಗ. ಮೂರು ಜಿಲ್ಲೆ, ಎರಡು ರಾಜ್ಯ ಸುತ್ತಿದ್ದರೆ ತಡ. ಜುಲೈ, ಆಗಸ್ಟ್‌ನಲ್ಲಿ ಬಂದ ಫೈಲ್ ಇನ್ನೂ ತಡ. ಭಾಗಮಂಡಲದ ಕಡೆ ರಸ್ತೆಯ ಮೇಲೆ ನೀರು ಬಂದರೆ ಯಾರ ಬೈಕೂ ದಾಟುವುದಿಲ್ಲ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ಇನ್ನೊಮ್ಮೆ ಬರುತ್ತಾರೆ, ಇಲ್ಲವೇ ಠಾಣೆಗೆ ಕರೆಯುತ್ತಾರೆ. ಫಾರ್ಮ್‌ನಲ್ಲಿ ಎರಡು ಫೋನ್ ನಂಬರ್ ಕೊಡಿ. ಒಂದು ನಿಮ್ಮದು, ಇನ್ನೊಂದು ಸಿಗ್ನಲ್ ಬರುವ ಜಾಗದಲ್ಲಿ ಇರುವ ಯಾರದ್ದಾದರೂ. ದಾರಿ ಹೇಳುವಾಗ "ಆ ದೊಡ್ಡ ಬಳಂಜಿ ಮರದ ಹತ್ತಿರ ಬಲಕ್ಕೆ" ಎನ್ನುವ ಬದಲು ಬಸ್‌ಸ್ಟಾಪ್ ಹೆಸರು ಹೇಳಿ. ಮತ್ತೆ, ದಯವಿಟ್ಟು ನಾಯಿ ಕಟ್ಟಿಹಾಕಿ. ನನ್ನ ಎಡಗಾಲಿನ ಮೀನಖಂಡದಲ್ಲಿ ಇರುವ ಗಾಯದ ಗುರುತು ಒಂದು ವೆರಿಫಿಕೇಶನ್‌ನದ್ದೇ. ಆ ಮನೆಯ ಹುಡುಗ ಈಗ ಹೆಡ್ ಕಾನ್‌ಸ್ಟೇಬಲ್. ಸಿಕ್ಕಾಗಲೆಲ್ಲ ಮೊದಲು ನನ್ನ ಕಾಲು ನೋಡುತ್ತಾನೆ.